ತಬಲಾಕ್ಕೆ ಹುಕುಂ ಬರೆಯುವವನ ಫಜೀತಿ

ಕಂಪ್ಯೂಟರಿನಲ್ಲಿ ತಬಲಾ ನುಡಿಸುವವನಿಗೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ನಾನು ಕಲಬುರಗಿ ಕಡೆಯ ಬ್ಯಾಂಕ್ ನೌಕರ. ತಬಲಾ ನನ್ನ ಬೆರಳಿಗೆ ಒಲಿಯಲಿಲ್ಲ, ಕೀಬೋರ್ಡ್ ಒಲಿಯಿತು. ಲ್ಯಾಪ್‌ಟಾಪಿನ ಸ್ಯಾಂಪ್ಲರ್ ಎಂಬ ಸಾಫ್ಟ್‌ವೇರಿನಲ್ಲಿ ವಾದ್ಯಗಳ ಧ್ವನಿ ತುಂಬಿಟ್ಟಿದ್ದೇನೆ. ಕರಿ ಪರದೆಯ ಮೇಲೆ ನಾಲ್ಕು ಸಾಲು ಕಮಾಂಡ್ ಬರೆದರೆ ತಾಳ ಶುರು.

೧

ವರ್ಗವಾಗಿ ನಾಸಿಕದಲ್ಲಿದ್ದಾಗ, ಪಕ್ಕದ ಮನೆಯಲ್ಲಿದ್ದ ನಮ್ಮ ಕಡೆಯವರೇ ಒಬ್ಬರು ಆ ಕರಿ ಪರದೆ ನೋಡಿಬಿಟ್ಟರು.

“ಬ್ಯಾಂಕ್ ಹ್ಯಾಕ್ ಮಾಡ್ಲಿಕತ್ತೀರೇನ್ರಿ?”

“ಇಲ್ಲರಿ, ತಬಲಾ ನುಡಿಸ್ಲಿಕತ್ತೀನಿ.”

ನಂಬಲಿಲ್ಲ. ಮರುದಿನ ಮೆಲ್ಲಗೆ ಬಂದು, “ನಮ್ಮ ಮನಿಯಾಕಿ ಮೊಬೈಲ್ ಪಾಸ್‌ವರ್ಡ್ ಒಂದಿಷ್ಟು ತಗದು ಕೊಡ್ರಿ. ನಾನೂ ತಬಲಾ ಅಂತನೇ ಹೇಳ್ತೀನಿ” ಅಂದರು.

೨

ನಾಸಿಕದ ಹತ್ತಿರದ ದೇವಳಾಲಿ ಮಿಲಿಟರಿ ಕ್ಯಾಂಪಿನಲ್ಲಿ ನಮ್ಮ ಕಡೆಯ ನಿವೃತ್ತ ಸುಬೇದಾರರೊಬ್ಬರ ಮನೆಯಲ್ಲಿ ಭಜನೆ ಇತ್ತು. ಲ್ಯಾಪ್‌ಟಾಪ್ ತೋರಿಸಿ, “ಇದು ಕಮಾಂಡ್ ಕೇಳ್ತದಂತ, ಖರೇ ಏನು?” ಎಂದರು. ಬರೆದು ಕೊಡಬೇಕು ಎಂದು ನಾನು ಹೇಳುವಷ್ಟರಲ್ಲಿ ಎದೆ ಸೆಟೆಸಿ, “ಸಾವಧಾನ್!” ಎಂದು ಪರೇಡಿನ ದನಿಯಲ್ಲಿ ಗರ್ಜಿಸಿದರು. ಸರಿಯಾಗಿ ಆಗಲೇ ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು.

ಸುಬೇದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹುಕುಂ ಕೊಟ್ಟ ಕೂಡ್ಲೆ ಮಲಗ್ತದ. ಬ್ಯಾಂಕಿನವ್ರ ಕೈಯಾಗ ಬೆಳದದ್ದು, ಮತ್ತೇನು!”

೩

ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾದೆ. ಅಲ್ಲಿನ ಕನ್ನಡಿಗರ ಸಂಘದ ಅಧ್ಯಕ್ಷರಿಗೆ ಹಾಡುವ ಚಟ. ಶ್ರುತಿಗೂ ಅವರಿಗೂ ಮಾತುಕತೆ ಇರಲಿಲ್ಲ. ಬಸವ ಜಯಂತಿಯ ಮುಂಚೆ ನನ್ನನ್ನು ಕರೆದು, “ತಬಲಾ ಜೋಡಿ ಒಂದಿಷ್ಟು ಚಪ್ಪಾಳಿನೂ ತುಂಬಿಡ್ರಿ. ಮಂದಿಗೆ ಯಾವಾಗ ಹೊಡೀಬೇಕು ತಿಳಿಯಂಗಿಲ್ಲ” ಎಂದರು. ತುಂಬಿಟ್ಟೆ.

ಅಧ್ಯಕ್ಷರು ಮೈಕಿನ ಮುಂದೆ ನಿಂತರು. ನಾನು ಎಂಟರ್ ಒತ್ತಿದೆ. ಬರೆದದ್ದರಲ್ಲಿ ಒಂದು ಅಂಕಿ ತಪ್ಪಿತ್ತು. ತಬಲಾದ ಜಾಗದಲ್ಲಿ ಚಪ್ಪಾಳೆ ಬಂದು ಕೂತಿತ್ತು. ಹಾಡಿನ ಮೊದಲ ಸಾಲಿಗೇ ಸಭಾಂಗಣ ಗುಡುಗಿತು. ಅಧ್ಯಕ್ಷರು ಹಾಡು ನಿಲ್ಲಿಸಿ ಕೈ ಮುಗಿದರು. ಮತ್ತೆ ಚಪ್ಪಾಳೆ. ಮತ್ತೆ ಕೈ ಮುಗಿದರು. ಜನ ತಮ್ಮ ತಮ್ಮ ಕೈ ನೋಡಿಕೊಂಡರು.

ನಿಲ್ಲಿಸುವ ಕಮಾಂಡ್ ಬರೆಯಲು ಹೋದೆ. ಗಡಿಬಿಡಿಯಲ್ಲಿ ಮೂರು ಸಲವೂ ಕಾಗುಣಿತ ತಪ್ಪಿತು. ‘ಇಂಥ ಕಮಾಂಡ್ ಇಲ್ಲ’ ಎಂದು ಪರದೆ ಮೂರು ಸಲವೂ ಛೀಮಾರಿ ಹಾಕಿತು. ಅಷ್ಟರಲ್ಲಿ ಅಧ್ಯಕ್ಷರ ಕಣ್ಣಲ್ಲಿ ನೀರು ಬಂದಿತ್ತು. ನಾಲ್ಕನೆಯ ಸಲ ಸರಿಯಾಯಿತು. ಒಮ್ಮೆಲೇ ನಿಶ್ಶಬ್ದ.

ಅಧ್ಯಕ್ಷರು ಗಾಬರಿಯಾಗಿ ಮೈಕಿನಲ್ಲೇ ಜನರನ್ನು ಕೇಳಿದರು: “ಯಾಕ್ರಿ, ನಿಲ್ಲಿಸಿಬಿಟ್ರಿ?”

ಮೊದಲ ಸಾಲಿನಲ್ಲಿದ್ದ ಅವರ ಹೆಂಡತಿ ಎದ್ದು ನಿಂತರು. “ಸಾಕು, ಕೆಳಗ ಇಳೀರಿ! ನಾವು ಇನ್ನೂ ಶುರುನೇ ಮಾಡಿಲ್ಲ!”