ಸಾವ್ಕಾರರ ಹೆಸರಿಲೆ ನಡದದ್ದು

ಡಿಗ್ರಿ ಅರ್ಧಕ್ಕ ಬಿಟ್ಟು ನಾ ಟೇಪ್ ಹಿಡದೆ. ದರ್ಜಿ ಅಲ್ರಿ. ಡಾಕ್ಟರ್ ಜೋಡಿ ಆಳಂದ, ಅಫಜಲಪುರ, ಜೇವರ್ಗಿ ಕಡಿ ಕ್ಯಾಂಪಿಗಿ ಹೋಗಿ ಮಂದಿ ಸೊಂಟ ಅಳಿಯೋದು ನನ್ನ ನೌಕರಿ. ಹೊಟ್ಟಿ, ಬಿಪಿ, ಶುಗರ್, ಚರಬಿ ಕೂಡೇ ಏರಿದ್ರ ಡಾಕ್ಟರ್ ಅದಕ್ಕ ಮೆಟಬಾಲಿಕ್ ಸಿಂಡ್ರೋಮ್ ಅಂತಾರ. ಅದು ಇರೋತನ ನನಗ ನಗಿಗೇನು ಕಮ್ಮಿ ಇಲ್ಲ.

೧

ಮಾದನಹಿಪ್ಪರಗಾದಾಗ ಒಬ್ಬಾಕಿ ಮುದುಕಿ, ಕಡ್ಡಿಯಂಗ ಇದ್ಲು.

"ಯಾಕೋ ತಮ್ಮಾ, ಎಮ್ಮಿ ಅಳದಂಗ ಅಳಿಯಾಕತ್ತಿ?"

"ಹೊಟ್ಟಿ ಬಂದ್ರ ಶುಗರ್ ಬರ್ತದಬೇ ಆಯಿ."

ಟೇಪ್ ಕಸ್ಕೊಂಡು ನನ್ನ ಹೊಟ್ಟಿಗೇ ಸುತ್ತಿದ್ಲು. "ಡಾಕ್ಟರಪ್ಪಾ, ಪೇಷಂಟ್ ಇಲ್ಲಿ ನಿಂತಾನ. ನನ್ನ ಯಾಕ ಪಾಳಿಗಿ ನಿಂದ್ರಿಸೀರಿ?"

೨

ಡಾಕ್ಟರ್ ನಕ್ಕು ಗಾಡಿ ಹತ್ತಿದ್ರು. ಹತ್ತಿದ ಮ್ಯಾಲ ನಗಲಿಲ್ಲ. "ಮೂರು ತಿಂಗಳದಾಗ ಹೊಟ್ಟಿ ಇಳಸು. ಇಲ್ಲಾಂದ್ರ ಟೇಪ್ ಇಟ್ಟು ಹೋಗು."

ಅದೇ ವಾರ ಜೇವರ್ಗ್ಯಾಗ ಕಾಳಿನ ಅಡತಿ ಅಂಗಡಿ ಇಟ್ಟ ಸಾವ್ಕಾರರಿಗೂ ಶುಗರ್ ಏರಿ ಮೂರು ತಿಂಗಳ ವಾಯಿದಾ ಸಿಕ್ತು. ದಿನಾ ನಡೀಬೇಕು, ಇಲ್ಲಾಂದ್ರ ಗುಳಗಿ. ಡಾಕ್ಟರ್ ಹೆಜ್ಜಿ ಎಣಸೋ ಪಟ್ಟಿ ಅವರ ಕೈಗಿ ಕಟ್ಟಿ ಕಳಿಸಿದ್ರು. ಸಾವ್ಕಾರರು ಹೊರಗ ಬಂದವ್ರೇ ಅದನ್ನ ಬಿಚ್ಚಿ ನನ್ನ ಕೈಗಿ ಕಟ್ಟಿದ್ರು.

"ಹೊಟ್ಟಿ ಇಳಸಾಕ ಹೆಂಗೂ ನೀ ನಡಿಯಾಂವ. ನಂದೂ ಕೂಡೇ ನಡಿ."

"ಅದು ಹೆಂಗ್ರಿ ಆಗ್ತದ?"

"ಘತ್ತರಗಿ ಭಾಗ್ಯವಂತಿಗೆ ನನ್ನ ಹರಕಿ ನಮ್ಮ ಆಳು ನಡದು ಮುಟ್ಟಿಸ್ಯಾನ. ದೇವಿನೇ ಒಪ್ಪ್ಯಾಳ, ಡಾಕ್ಟರಂದೇನಲೇ?"

೩

ನಮ್ಮ ಕಡಿ ಸುಮ್ನ ನಡಿಯೋದು ಭಾಳ ತ್ರಾಸಿನ ಕೆಲಸ. ಅಫಜಲಪುರ ರೋಡಿಗಿ ನಾಲ್ಕು ಹೆಜ್ಜಿ ಇಡೂದ್ರಾಗ ಒಬ್ಬಾಂವ ಬೈಕ್ ನಿಂದ್ರಸ್ತಾನ.

"ಬಸ್ ತಪ್ಪಿತೇನಲೇ? ಎಲ್ಲಿಗಿ ಹೊಂಟಿ?"

"ಎಲ್ಲಿಗೂ ಇಲ್ಲೋ ಕಾಕಾ."

"ಹಂಗಾರ ಹತ್ತು. ನಾನೂ ಅಲ್ಲಿಗೇ ಹೊಂಟೀನಿ."

೪

ಮೂರು ತಿಂಗಳಾಯ್ತು. ಪಟ್ಟಿ ಮತ್ತ ಸಾವ್ಕಾರರ ಕೈಗಿ ಹೋಯ್ತು. ಹೆಜ್ಜಿ ಲೆಕ್ಕ ನೋಡಿ ಡಾಕ್ಟರ್ ಖುಷಿ ಆದ್ರು. ನಾ ಟೇಪ್ ಹಿಡದೆ. ಸಾವ್ಕಾರರ ಸೊಂಟ ಒಂದಿಂಚು ಏರಿತ್ತು. ಶುಗರೂ ಏರಿತ್ತು. ಡಾಕ್ಟರ್ ಪಟ್ಟಿ ನೋಡಿದ್ರು, ಸಾವ್ಕಾರರ ಹೊಟ್ಟಿ ನೋಡಿದ್ರು, ಕಡೀಕ ನನ್ನ ಜಾರೋ ಪ್ಯಾಂಟ್ ನೋಡಿದ್ರು. ಟೇಪ್ ಇಸ್ಕೊಂಡು ನನ್ನ ಅಳದ್ರು. ಪೂರಾ ಮೂರಿಂಚು ಇಳದಿತ್ತು.

"ನಿನ್ನ ನೌಕರಿ ಉಳೀತು," ಅಂದ್ರು.

ಸಾವ್ಕಾರರು ಸಿಟ್ಟಿಗೆದ್ರು. "ಪಟ್ಟಿ ನಂದು, ಹೊಟ್ಟಿ ಇವಂದು ಇಳದದ. ಇದೇನು ನ್ಯಾಯ್ರಿ?"

ಡಾಕ್ಟರ್ ಗುಳಗಿ ಚೀಟಿ ಬರದು ಅವರ ಕೈಗಿ ಕೊಟ್ರು.

ಸಾವ್ಕಾರರು ಅದನ್ನ ನಾಲ್ಕು ಮಡಿಕಿ ಮಾಡಿ ನನ್ನ ಕಿಸೇದಾಗ ತುರುಕಿದ್ರು. "ತಗೋ. ಊಟಾದ ಮ್ಯಾಲ ನನ್ನ ಹೆಸರಿಲೆ ಒಂದೊಂದು ನುಂಗು."