ಹಿಂದಿನ ಸೀಟಿನ ತೂಕ

ಹಾಲಿನವನಿಗೆ ಗೇಟು ತೆಗೆಯುವುದು. ಮೋಟರ್ ಹಾಕಿ ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವುದು, ಮರೆತರೆ ಮೂರನೇ ಮಹಡಿಯ ಬಾಡಿಗೆ ಹುಡುಗರು ಮೈತುಂಬಾ ಸೋಪು ಬಳಿದುಕೊಂಡೇ ಕಿಟಕಿಯಿಂದ "ಆಂಟೀ!" ಎಂದು ಕೂಗುತ್ತಾರೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು. ಅತ್ತೆಗೆ ಸಕ್ಕರೆ ಇಲ್ಲದ ಕಾಫಿ, ಗಂಡನಿಗೆ ಸಕ್ಕರೆ ಹಾಕಿದ ಕಾಫಿ, ನನಗೆ ಇವೆರಡರಲ್ಲಿ ಉಳಿದದ್ದು. ಚಟ್ನಿಗೆ ಕಾಯಿ ತುರಿಯುವುದು. ಗಂಡನ ಕಾಲುಚೀಲ ಒಂದಿದ್ದರೆ ಅದರ ಜೋಡಿಯನ್ನು ಹುಡುಕುವುದು. ಇವೆಲ್ಲ ಮುಗಿಸಿ, ಸೂರ್ಯ ಮೂಡುವ ಮೊದಲು, ಕಾರಿನ ಹಿಂಬದಿಯ ಸ್ಪ್ರಿಂಗ್ ಎಷ್ಟು ಗಡಸಾಗಿರಬೇಕೆಂದು ತೀರ್ಮಾನಿಸುವುದು!

ಈ ಕೊನೆಯ ಕೆಲಸ ಮಾತ್ರ ನಾನಾಗಿಯೇ ಮೈಮೇಲೆ ಎಳೆದುಕೊಂಡದ್ದು. ಹೊಸೂರಿನಾಚೆಯ ರೇಸ್ ಟ್ರ್ಯಾಕಿನಲ್ಲಿ ಹೆಂಗಸರಿಗೆಂದೇ ಒಂದು ಭಾನುವಾರ ಇಟ್ಟಿದ್ದರು. ನಮ್ಮ ಕಾರು ತೆಗೆದುಕೊಂಡು ಹೋಗಿ ನಾವೇ ಓಡಿಸಬಹುದು. ಹೆಸರು ಕೊಟ್ಟುಬಿಟ್ಟೆ. ಯೋಚಿಸಿ ನೋಡಿ! ಯಾರನ್ನೂ ಎಲ್ಲಿಗೂ ಬಿಡದೆ, ಯಾರನ್ನೂ ಎಲ್ಲಿಂದಲೂ ಕರೆತರದೆ, ದಾರಿಯಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳದೆ, ಸುಮ್ಮನೆ ಗಿರಗಿರ ಸುತ್ತುವ ಭಾಗ್ಯ! ಮದುವೆಯಾದ ಮೇಲೆ ಅಂಥದ್ದೊಂದು ದಿನ ನನಗೆ ಸಿಕ್ಕಿರಲಿಲ್ಲ.

ಆದರೆ ಇರುವುದು ಒಂದೇ ಕಾರು. ರಸ್ತೆಗೂ ಅದೇ, ಟ್ರ್ಯಾಕಿಗೂ ಅದೇ. ಸ್ಪ್ರಿಂಗ್ ಮೆದುವಾದರೆ ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ಮಲಗುತ್ತದೆ. ಗಡಸಾದರೆ ನಮ್ಮ ಸಿಂಗಸಂದ್ರದ ಹಂಪುಗಳ ಮೇಲೆ ಕೂತವರ ಸೊಂಟ ಮುರಿಯುತ್ತದೆ. ನಡುವೆ ಒಂದು ಹದ ಇದೆ. ಆ ಹದ ಸಿಗಬೇಕಾದರೆ ಮುಂದಿನ ಚಕ್ರಗಳ ಮೇಲೆ ಎಷ್ಟು ಭಾರ, ಹಿಂದಿನವುಗಳ ಮೇಲೆ ಎಷ್ಟು ಎಂಬುದು ಗೊತ್ತಿರಬೇಕು. ಇದನ್ನು ನನಗೆ ಯಾರಾದರೂ ಹೇಳಿಕೊಡಬೇಕೆ? ಅತ್ತಿಬೆಲೆಯ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಕೂತು ವರ್ಷಾನುಗಟ್ಟಲೆ ಸ್ಪ್ರಿಂಗುಗಳನ್ನು ಒತ್ತಿ ಒತ್ತಿ ಪಾಸು ಫೇಲು ಮಾಡುತ್ತಿರುವ ಮಹಾನಂದಾ ನಾನು! ನನ್ನ ಕಣ್ಣು ತಪ್ಪಿಸಿ ಒಂದು ಬಾಲ್‌ಪೆನ್ನಿನ ಸ್ಪ್ರಿಂಗೂ ಆ ಗೇಟು ದಾಟಿಲ್ಲ.

"ಕಾರಿನ ಪುಸ್ತಕದಲ್ಲೇ ತೂಕ ಇರತ್ತಲ್ವೇನೇ ನಂದಾ?" ಎಂದರು ನನ್ನ ಗಂಡ ಲೋಕೇಶ್.

"ಪುಸ್ತಕದ ತೂಕ ಪುಸ್ತಕಕ್ಕೆ ಕಣ್ರೀ. ನಾನು ಅಳೀದೇ ಇರೋದನ್ನ ನಂಬಲ್ಲ!"

ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಕಾರನ್ನು ಒಯ್ದು, ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನ ಚಕ್ರ ಹತ್ತಿಸಿ ತೂಗುವುದೆಂದು ನಿರ್ಧರಿಸಿದೆ. ಹೋಗಿ ಬರಲು ಒಂದೂವರೆ ಗಂಟೆ. ಆದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸೊಸೆಯ ಕೈಯಲ್ಲಿ ಕಾರಿನ ಕೀ ಸದ್ದು ಮಾಡಿದರೆ ಸಾಕು, ಮನೆಯ ಕೆಲಸಗಳೆಲ್ಲ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಸಾಲು ನಿಲ್ಲುತ್ತವೆ!

"ಅತ್ತಿಬೆಲೆ ಕಡೀಕ್ ಓಗ್ತೀಯಲ್ಲ, ಮಿಲ್ಲಾಗೆ ರಾಗಿ ಬೀಸಾಕಿ ಮಡಗವ್ರೆ. ತಗಂಡ್ ಬರಾನ ನಡಿ," ಎಂದು ನನ್ನ ಅತ್ತೆ ಅಂಜಿನಮ್ಮನವರು ಹಿಂದಿನ ಸೀಟಿನಲ್ಲಿ ಸ್ಥಾಪನೆಗೊಂಡರು.

"ಹಾಗೇ ನನ್ನನ್ನೂ ಚಂದಾಪುರದಲ್ಲಿ ಬಿಡು," ಎಂದು ಗಂಡ ಅವರ ಪಕ್ಕಕ್ಕೆ ತೂರಿಕೊಂಡರು. ಮುಂದಿನ ಸೀಟಿನಲ್ಲಿ ಅಷ್ಟು ಹೊತ್ತಿಗೆ ಯಾರದೋ ಗೃಹಪ್ರವೇಶಕ್ಕೆ ಕೊಡಬೇಕಾದ ಹಿತ್ತಾಳೆ ಕೊಳಗ ಕೂತಿತ್ತು. ಕೊಳಗವನ್ನು ಕೊಟ್ಟೆವು, ರಾಗಿಹಿಟ್ಟಿನ ಮೂಟೆ ಡಿಕ್ಕಿ ಸೇರಿತು. ಚಂದಾಪುರವನ್ನು ಹಿಂದಿರುಗುವಾಗ ನೋಡಿಕೊಳ್ಳೋಣವೆಂದು ನೇರ ವೇಬ್ರಿಡ್ಜಿಗೆ ಹೋದೆ.

"ಎಲ್ರೂ ಸ್ವಲ್ಪ ಇಳೀರಿ. ಖಾಲಿ ಕಾರು ತೂಗ್ಬೇಕು," ಎಂದೆ.

ಅತ್ತೆ ಕಿಟಕಿಯಿಂದ ಹೊರಗೆ ನೋಡಿದರು. ಗೋಡೆಯ ಮೇಲೆ ಕೆಂಪು ದೀಪದ ಅಂಕಿಗಳು, ಒಂದೊಂದೂ ಮೊರದಷ್ಟು ಅಗಲ. ಸುತ್ತ ಐದಾರು ಲಾರಿ ಡ್ರೈವರುಗಳು.

"ನಾನು ಇಳಿಯಾಕಿಲ್ಲ."

"ಯಾಕತ್ತೆ?"

"ನಾನಿಳಿದ್ರೆ ಎಷ್ಟ್ ಕಮ್ಮಿ ಆಯ್ತದೆ ಅಂತ ಅಷ್ಟ್ ದಪ್ಪ ಅಕ್ಸರದಾಗೆ ಊರಿಗೆಲ್ಲ ಕಾಣ್ತದೆ. ಮಾನ ಮರ್ವಾದೆ ಬ್ಯಾಡ್ವಾ?"

ಲಾರಿಯೊಂದು ಹಿಂದಿನಿಂದ ಹಾರ್ನ್ ಬಾರಿಸಿತು. "ಬೇಗ ಮೇಡಂ, ಜಲ್ಲಿ ಲೋಡು ನಿಂತೈತೆ!" ಎಂದು ವೇಬ್ರಿಡ್ಜಿನವನು ಮೈಕಿನಲ್ಲಿ ಕಿರುಚಿದ. ಅಮ್ಮ ಇಳಿಯದ ಮೇಲೆ ಮಗ ಯಾಕೆ ಇಳಿಯುತ್ತಾರೆ? ಸರಿ, ನಾನು ಗಣಿತದ ಮೊರೆ ಹೊಕ್ಕೆ.

"ಹಾಗಾದ್ರೆ ನಿಮ್ಮ ತೂಕ ಹೇಳಿ ಅತ್ತೆ, ಒಟ್ಟಿನಲ್ಲಿ ಕಳೀತೀನಿ."

"ಐವತ್ತು."

"ನೀವು?"

ಲೋಕೇಶ್ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, "ಅರವತ್ತೈದು," ಎಂದರು.

"ರಾಗಿ ಮೂಟೆ?"

"ಇಪ್ಪತ್ತಿರ್ಬೇಕು," ಎಂದರು, ಅದನ್ನು ಎತ್ತಿಟ್ಟಾಗಿನಿಂದ ಬೆನ್ನು ನೀವಿಕೊಳ್ಳುತ್ತಿದ್ದ ಅವರೇ.

ಅಳೆಯದೇ ಇದ್ದುದನ್ನು ನಂಬದ ಮಹಾನಂದಾ ಮೂರನ್ನೂ ನಂಬಿದಳು! ಅಷ್ಟು ಜನ ಗಂಡಸರೆದುರು "ಐವತ್ತೇನಾ ಅತ್ತೆ?" ಎಂದು ಕೇಳುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕಳೆದು ನೋಡಿದರೆ ಹಿಂಬದಿಯ ತೂಕ ಪುಸ್ತಕದಲ್ಲಿದ್ದುದಕ್ಕಿಂತ ಭರ್ತಿ ಎಪ್ಪತ್ತು ಕೆ.ಜಿ. ಹೆಚ್ಚು!

"ನೋಡಿದ್ರಾ? ಪುಸ್ತಕ ಸುಳ್ಳು ಅಂತ ನಾನು ಹೇಳ್ಲಿಲ್ವಾ?" ಎಂದು ಸ್ಟೀರಿಂಗ್ ಕುಟ್ಟಿದೆ.

ಆ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ, ಒಂದು ಮಿಲಿಮೀಟರ್ ಕುಗ್ಗಬೇಕಾದರೂ ಪೈಲ್ವಾನನೇ ಬೇಕಾಗುವಂಥ ಸ್ಪ್ರಿಂಗ್ ಆರಿಸಿದೆ. ದೊಡ್ಡನೆಕ್ಕುಂದಿಯಲ್ಲಿ ರೇಸಿನ ಕಾರುಗಳನ್ನು ಹದಗೊಳಿಸುವ ಮುನಿಕೃಷ್ಣ ಅದನ್ನು ಕೈಯಲ್ಲಿ ಹಿಡಿದು ಹುಬ್ಬು ಗಂಟಿಕ್ಕಿದ.

"ಮೇಡಂ, ಇಂಜಿನ್ ಮುಂದಿರೋ ಕಾರು. ಹಿಂದೆ ಹಗುರ ಇರತ್ತೆ. ಇಷ್ಟು ಗಡಸು ಯಾಕೆ?"

"ತೂಗಿದ್ದೀನಿ ಮುನಿಕೃಷ್ಣ."

"ಖಾಲಿ ಕಾರಾ?"

"ಖಾಲಿನೇ. ಲೆಕ್ಕದಲ್ಲಿ."

ಅವನು ಜಾಕ್ ಹಾಕಿದ. ಸಂಜೆ ಅವನ ಹುಡುಗನೇ ಕಾರನ್ನು ಮನೆಗೆ ತಂದು ನಿಲ್ಲಿಸಿದ.

ಆಮೇಲಿನ ದಿನಗಳು ನನ್ನ ದಿಗ್ವಿಜಯದ ದಿನಗಳು. ಎಂಥ ಸವಾರಿ! ಅತ್ತೆಯನ್ನು ಸೊಂಟನೋವಿನ ಡಾಕ್ಟರ ಹತ್ತಿರ ಕರೆದೊಯ್ದೆ. ಹಂಪು ಬಂದದ್ದೇ ಅವರಿಗೆ ತಿಳಿಯಲಿಲ್ಲ. ಗಂಡ, ಗಂಡನ ಲಗೇಜು, ಖಾಲಿ ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಮದುವೆಮನೆಯಿಂದ ವಾಪಸು ಬಂದ ಜಮಖಾನೆಗಳು, ಏನು ತುಂಬಿದರೂ ಕಾರು ಪಲ್ಲಕ್ಕಿಯಂತೆ ತೇಲಿತು. "ಇದೇನೇ ನಂದಾ, ಸಕ್ಕತ್ತಾಗಿದೆ!" ಎಂದು ಗಂಡನೇ ಒಪ್ಪಿಕೊಂಡರು. ನನ್ನ ತಲೆ ಕಾರಿನ ಮಾಡಿಗೆ ತಾಗುವಷ್ಟು ಎತ್ತರಕ್ಕೆ ಬೆಳೆಯಿತು.

ಭಾನುವಾರ ಬಂತು. ನಾನು ಗೇಟು ತೆಗೆಯುವ ಮೊದಲೇ ಅತ್ತೆ ಥರ್ಮಾಸ್ ಸಮೇತ ಹಿಂದಿನ ಸೀಟಿನಲ್ಲಿದ್ದರು. "ಒಸೂರ್‌ನಾಗೆ ಊವು ಅಗ್ಗ. ನೀನು ಸುತ್ಕೊ, ನಾನ್ ಕೂತಿರ್ತೀನಿ. ಬತ್ತಾ ಊವು ತರಾನ." ದಾರಿಯುದ್ದಕ್ಕೂ ಕಾರು ಬೆಣ್ಣೆ! ಗಂಡ ಮಾತ್ರ ಮನೆಯಲ್ಲಿ ಉಳಿದು, ಜೀವನದಲ್ಲಿ ಮೊದಲ ಬಾರಿಗೆ ಅನ್ನ ಮಾಡುವ ಸಾಹಸಕ್ಕೆ ಇಳಿದಿದ್ದರು.

ಟ್ರ್ಯಾಕಿನ ಪಕ್ಕ ಅತ್ತೆಯನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಡಿಕ್ಕಿ ಖಾಲಿ ಮಾಡಿದೆ. ಹೆಲ್ಮೆಟ್ ಹಾಕಿದೆ. ಬಾಗಿಲು ಎಳೆದುಕೊಂಡೆ. ಆಗ ಒಂದು ವಿಚಿತ್ರ ನಿಶ್ಶಬ್ದ! ಸ್ಪ್ರಿಂಗ್ ಹಾಕಿಸಿದಂದಿನಿಂದ ಆ ಕಾರಿನಲ್ಲಿ ನಾನೊಬ್ಬಳೇ ಕೂತದ್ದು ಅದೇ ಮೊದಲೆಂದು ಹೊಳೆಯಿತು. ಕೆಲಸಕ್ಕೆ ಹೋಗುವುದು ಕಂಪನಿ ಬಸ್ಸಿನಲ್ಲಿ. ಕಾರು ಹೊರಟರೆ ಹಿಂದೆ ಯಾರಾದರೂ ಇದ್ದೇ ಇರುತ್ತಾರೆ.

ನೇರ ದಾರಿಯಲ್ಲಿ ಹಿಂಭಾಗ ಟಣಟಣ ಕುಣಿಯತೊಡಗಿತು. ಮೊದಲ ತಿರುವಿನಲ್ಲಿ ಸ್ವಲ್ಪ ಜಾರಿತು. ಎರಡನೇ ತಿರುವಿನಲ್ಲಿ, ಇನ್ನೇನು ಹೇಳಲಿ, ನನ್ನ ಕಾರಿನ ಹಿಂಭಾಗ ನನ್ನನ್ನೇ ಓವರ್‌ಟೇಕ್ ಮಾಡಿತು! ಆಕಾಶ, ಹುಲ್ಲು, ಟೈರಿನ ಗೋಡೆ, ಮತ್ತೆ ಆಕಾಶ. ಧೂಳು ಇಳಿದಾಗ ನಾನು ಬಂದ ದಾರಿಯನ್ನೇ ನೋಡುತ್ತಾ ಹುಲ್ಲಿನ ಮೇಲೆ ಗೌರವಯುತವಾಗಿ ನಿಂತಿದ್ದೆ. ಎದುರಿಗೆ ಬಂದ ಕಾರಿನ ಹುಡುಗಿ ಕೈ ಬೀಸಿ ಹೋದಳು. ನಾನೂ ಬೀಸಿದೆ. ಮತ್ತೇನು ಮಾಡುವುದು?

ಅಂದು ಅಲ್ಲೇ ಇದ್ದ ಮುನಿಕೃಷ್ಣ ಕಾರಿನ ಹಿಂಭಾಗವನ್ನು ಎರಡೂ ಕೈಗಳಿಂದ ಅದುಮಿದ. ಅದು ಅಲುಗಲಿಲ್ಲ.

"ಹಿಂದೆ ತೂಕನೇ ಇಲ್ಲ ಮೇಡಂ. ಯಾರಾದ್ರು ಒಬ್ರು ಕೂತಿದ್ರೆ ಸರಿ ಇರ್ತಿತ್ತು."

"ನಾ ಕೂತಿದ್ರೆ ಇಂಗಾಗ್ತಿತ್ತಾ?" ಕುರ್ಚಿಯಿಂದ ಅತ್ತೆಯ ಧ್ವನಿ ಇಡೀ ಮೈದಾನಕ್ಕೆ ಕೇಳಿಸಿತು. "ಒಬ್ಳೇ ಓದ್ಲು, ಬಿದ್ಲು!"

"ನಿಮ್ಮ ತೂಕ ಎಷ್ಟಜ್ಜಿ?" ಎಂದ ಮುನಿಕೃಷ್ಣ.

"ಐವತ್ತು."

ಅವನು ಅತ್ತೆಯನ್ನು ನೋಡಿದ. ಕುರ್ಚಿಯ ಕಾಲುಗಳನ್ನು ನೋಡಿದ. ಅವು ಮಣ್ಣಿನೊಳಗೆ ಚೋಟುದ್ದ ಇಳಿದಿದ್ದವು. ಕೊನೆಗೆ ನನ್ನನ್ನು ನೋಡಿದ. ಲೆಕ್ಕದಲ್ಲಿ ಹೆಚ್ಚಾದ ತೂಕ ಎಲ್ಲಿಂದ ಬಂತೆಂದು ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ನನ್ನೊಬ್ಬಳ ಸಂತೋಷಕ್ಕೆಂದು ನಾನೇ ಆರಿಸಿದ ಸ್ಪ್ರಿಂಗು, ಇಡೀ ಸಂಸಾರವನ್ನು ಹೊತ್ತಾಗ ಮಾತ್ರ ನೆಟ್ಟಗೆ ನಡೆಯುವಂಥದ್ದು! ಇಂಥದ್ದನ್ನು ಮಾಡಿಕೊಡಿ ಎಂದು ಯಾವ ಅತ್ತೆಯೂ ಯಾವ ಕಾರ್ಖಾನೆಗೂ ಹೇಳಿರಲಾರಳು.

"ಮಧ್ಯಾಹ್ನ ಇನ್ನೊಂದು ಸುತ್ತು ಇದೆ," ಎಂದ ಮುನಿಕೃಷ್ಣ. "ವ್ಯಾನಲ್ಲಿ ಮೆದು ಸ್ಪ್ರಿಂಗು ಮೂರು ಥರದ್ದಿವೆ, ಬದಲಾಯಿಸ್ತೀನಿ. ಆದ್ರೆ ಒಬ್ರಿಗೆ ಅಂತ ಹಾಕಿದ್ರೆ, ಮನೆಮಂದಿ ಎಲ್ಲ ಕೂತಾಗ ಹಂಪಿಗೆಲ್ಲ ತಳ ಉಜ್ಜತ್ತೆ. ಬೇಡ ಅಂದ್ರೆ ಇದೇ ಇರ್ಲಿ, ಇವತ್ತಿಗೆ ಓಡ್ಸೋದು ನಿಲ್ಸಿ. ಎರಡಕ್ಕೂ ಆಗೋದು ನನ್ನತ್ರ ಇಲ್ಲ. ಯಾರ ತೂಕಕ್ಕೆ ಹಾಕ್ಲಿ?"

"ಇರಾದೇ ಇರ್ಲಿ ಬುಡಪ್ಪ, ಸೆಂದಾಗೈತೆ," ಎಂದರು ಅತ್ತೆ.

ಅಷ್ಟರಲ್ಲಿ ಗಂಡನ ಫೋನು. ವಿಷಯ ಹೇಳಿದೆ. "ಅಮ್ಮನಿಗೆ ಸೊಂಟ ನೋವು ಕಣೇ, ತಳ ಉಜ್ಜಿದ್ರೆ ಹೇಗೆ? ಇರೋದನ್ನೇ ಇಟ್ಕೋ. ಬೇಗ ಬಂದ್ಬಿಡು. ಅಂದಹಾಗೆ ಕುಕ್ಕರ್ ಎಷ್ಟು ಸಲ ಕೂಗ್ಬೇಕು? ಇದು ನಿಲ್ಲಿಸ್ತಾನೇ ಇಲ್ಲ!"

"ಒಲೆ ಆರಿಸಿ," ಎಂದು ಫೋನ್ ಇಟ್ಟೆ. ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟು ಖಾಲಿ, ಅದರ ಮೇಲೆ ಅತ್ತೆಯ ಸೆರಗಿನಿಂದ ಉದುರಿದ ಚೂರು ರಾಗಿಹಿಟ್ಟು. ಅತ್ತೆಯೂ ಮುನಿಕೃಷ್ಣನೂ ಹೊರಗಿನಿಂದ ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ. ಗಾಜು ಇಳಿಸಿದೆ.

"ಒಬ್ಬರಿಗೆ ಹಾಕಿ."

"ಮನೆಯವರು?"

"ಹಂಪು ಬಂದಾಗ ಇಳಿದು ನಡೀತಾರೆ."

ಮುನಿಕೃಷ್ಣ ತಲೆಯಾಡಿಸಿದ. "ಹಾಗಾದ್ರೆ ಮೂರರಲ್ಲಿ ಯಾವುದು ಅಂತ ನೋಡ್ಬೇಕು. ನಿಮ್ಮ ತೂಕ ಹೇಳಿ ಮೇಡಂ."

"ಐವತ್ತೆಂಟು," ಎಂದೆ.

ಅವನು ವ್ಯಾನಿನ ಕಡೆ ಹೋಗಲಿಲ್ಲ. ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ನಿಂತೇ ಇದ್ದ.

ನಾನು ನಾಲ್ಕು ಸೇರಿಸಿದೆ. ಅವನು ಕದಲಲಿಲ್ಲ. ಇನ್ನೂ ಐದು ಸೇರಿಸಿದೆ. ಆಗ ಜಾಕ್ ತರಲು ಹೋದ.