ಏಳು ಬೆನ್ನುಗಳ ಭರವಸೆ

ಮುಳಬಾಗಿಲಿನ ನಮ್ಮ ಬೀದಿಯಲ್ಲಿ ನನ್ನ ರಂಗೋಲಿಯನ್ನು ತುಳಿಯದೆ ಪಕ್ಕಕ್ಕೆ ಸರಿದು ಹೋಗುವವರು ಮೂವರಿದ್ದಾರೆ: ಹಾಲಿನವನು, ಎದುರುಮನೆಯ ಪುರೋಹಿತರು, ಮತ್ತೆ ಒಂದು ಕುಂಟು ನಾಯಿ. ನಾನೊಬ್ಬ ಕಲಾವಿದೆ ಎಂದು ನಂಬಿಕೊಳ್ಳಲು ನನಗೆ ಇಷ್ಟು ಸಾಕಾಗಿತ್ತು. ಹೀಗಾಗಿ ಊರಾಚೆಯ ದಿಕ್ಕಿಲ್ಲದ ಮಕ್ಕಳ ಮನೆಯ ವಾರ್ಡನ್ ಶಾಂತಮ್ಮನವರು ಬಾಗಿಲಲ್ಲಿ ನಿಂತು, "ಮೇಡಂ, ನಮ್ಮ ಊಟದ ಕೋಣೇಲಿ ಒಂದು ದೊಡ್ಡ ಗೋಡೆ ಖಾಲಿ ಇದೆ. ನೋಡಿದ ಕೂಡ್ಲೇ ಮಕ್ಕಳ ಮನಸ್ಸು ಅರಳೋ ಹಾಗೆ ಏನಾದ್ರೂ ಬರೆದುಕೊಡ್ತೀರಾ?" ಎಂದಾಗ ನಾನು ಯೋಚಿಸಲು ಒಂದು ದಿನ ಕೇಳಲಿಲ್ಲ. ಒಂದು ನಿಮಿಷವನ್ನೂ ಕೇಳಲಿಲ್ಲ. ಕೇಳಬೇಕಿತ್ತು.

ಅಂದೇ ಹಳೆಯ ನೋಟ್ ಪುಸ್ತಕವೊಂದರಲ್ಲಿ ಯೋಜನಾ ವರದಿ ಸಿದ್ಧವಾಯಿತು. 'ಶೀರ್ಷಿಕೆ: ಭರವಸೆಯೆಡೆಗೆ. ಉದ್ದೇಶ: ಪುಟ್ಟ ಮನಸ್ಸುಗಳಲ್ಲಿ ಆಶಾಭಾವನೆ ಮೂಡಿಸುವುದು. ಚಿತ್ರದ ವಿವರ: ಉದಯಿಸುತ್ತಿರುವ ಸೂರ್ಯನತ್ತ ಹೆಜ್ಜೆ ಹಾಕುತ್ತಿರುವ ಏಳು ಮಂದಿ.'

ಏಳು ಮಂದಿಯೂ ಸೂರ್ಯನತ್ತಲೇ ಏಕೆ ಹೊರಟಿದ್ದರು ಎಂಬುದಕ್ಕೆ ವರದಿಯಲ್ಲಿ ಬರೆಯದ ಒಂದು ಕಾರಣವಿತ್ತು. ನನಗೆ ಮೂಗು ಬರೆಯಲು ಬರುವುದಿಲ್ಲ! ಕೋಲಾರದ ಕಾನ್ವೆಂಟಿನಲ್ಲಿ ಎಂಟನೇ ತರಗತಿಯಲ್ಲಿದ್ದಾಗ ನಾನು ಬರೆದ ಹೂ ಮಾರುವ ಹೆಂಗಸನ್ನು ನೋಡಿ ಡ್ರಾಯಿಂಗ್ ಸಿಸ್ಟರ್ ಬಹಳ ಮೃದುವಾಗಿ, "ಮುಖದ ಮಧ್ಯೆ ಬದನೆಕಾಯಿ ಯಾಕಮ್ಮಾ ಇಟ್ಟೆ?" ಎಂದು ಕೇಳಿದ್ದರು. ಅಂದಿನಿಂದ ನನ್ನ ಚಿತ್ರಗಳಲ್ಲಿ ಮನುಷ್ಯರೆಲ್ಲ ಬೆನ್ನು ತಿರುಗಿಸಿಯೇ ನಿಂತರು. ಮರುವರ್ಷ 'ಪ್ರಾರ್ಥನೆಗೆ ಹೊರಟ ಮಕ್ಕಳು' ಎಂಬ ನನ್ನ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಹದಿನೆಂಟು ಜಡೆ, ಒಂದೂ ಮೂಗಿಲ್ಲ. ನನ್ನ ಕೈಲಾಗದ ಕೆಲಸಕ್ಕೆ ಶೈಲಿ ಎಂಬ ಹೆಸರು ಬಿದ್ದದ್ದು ಹೀಗೆ.

ನಮ್ಮವರು ನರಸಾಪುರದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಕೈಗೆ ಬಂದ ವಸ್ತುವನ್ನು ತಿರುಗಿಸಿ ನೋಡಿ 'ರಿಜೆಕ್ಟ್' ಎನ್ನುವುದು ಅವರ ಉದ್ಯೋಗ. ಕಂಪನಿ ಬಸ್ಸಿನಿಂದ ಇಳಿದ ಮೇಲೂ ನನ್ನ ಸಾರಿನ ಮುಂದೆ ಅದು ಮುಂದುವರಿಯುತ್ತದೆ. ನೋಟ್ ಪುಸ್ತಕದ ಚಿತ್ರವನ್ನು ಅವರು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು.

"ಎಲ್ರೂ ಹಿಂದುಗಡೆಯಿಂದಾನಾ?"

"ಅದು ಸಂಕೇತ ರೀ. ಭವಿಷ್ಯದ ಕಡೆ ಹೋಗ್ತಿದ್ದಾರೆ."

"ಶಿಫ್ಟ್ ಬಸ್ಸು ತಪ್ಪಿಹೋಗಿ ಅದರ ಹಿಂದೆ ಓಡ್ತಿರೋರ ಥರ ಇದ್ದಾರೆ ಕಣೇ."

ಕಲೆ ತಿಳಿಯದವರ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದೆಂದು ತೀರ್ಮಾನಿಸಿದೆ.

ಮಕ್ಕಳು ಶಾಲೆಗೆ ಹೋದ ಮೇಲೆ ಹೋಗಿ, ಅವರು ಬರುವ ಮುಂಚೆ ಗೋಡೆಗೆ ಹಳೆಯ ಬೆಡ್‌ಶೀಟುಗಳನ್ನು ಇಳಿಬಿಟ್ಟು ಬರುತ್ತಿದ್ದೆ. ಒಂಬತ್ತು ದಿನ ಹೀಗೇ ನಡೆಯಿತು. ಆ ಹೊತ್ತಿನಲ್ಲಿ ಅಲ್ಲಿ ಸದ್ದೇ ಇರುತ್ತಿರಲಿಲ್ಲ. ಗೋಡೆಯ ಪಕ್ಕದ ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ಸ್ಟೀಲ್ ತಟ್ಟೆಗಳು ಒಣಗುತ್ತಿದ್ದವು. ಪ್ರತಿಯೊಂದರ ಅಂಚಿನಲ್ಲೂ ಮೊಳೆಯಿಂದ ಕೊರೆದ ಒಂದು ಹೆಸರು. ಒಂದು ತಟ್ಟೆಯಲ್ಲಿ ಮಾತ್ರ ಮೂರು ಹೆಸರುಗಳನ್ನು ಗೀಚಿ ಅಳಿಸಿ, ನಾಲ್ಕನೆಯದನ್ನು ಬರೆದಿದ್ದರು: ಮಂಜುಳ. ಅದನ್ನು ಗಮನಿಸಿದೆ. ಗಮನಿಸಿ, ಸೂರ್ಯನಿಗೆ ಇನ್ನಷ್ಟು ಹಳದಿ ಬಳಿದೆ.

ಅಪ್ಪ, ಗಿಳಿಹಸಿರು ಸೀರೆಯ ಅಮ್ಮ, ಅವಳ ಸೊಂಟದ ಮೇಲೊಂದು ಕೂಸು, ಅಜ್ಜ, ಅಜ್ಜಿ, ಅಣ್ಣ, ಅಕ್ಕ. ಮಕ್ಕಳ ಮನೆಯ ಗೋಡೆಯ ಮೇಲೆ ತುಂಬು ಸಂಸಾರವೊಂದನ್ನು ಬರೆಯುತ್ತಿದ್ದೇನೆ ಎಂಬುದು ಆ ಒಂಬತ್ತು ದಿನಗಳಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆಯಲಿಲ್ಲ. ಅಜ್ಜಿಯ ತುರುಬಿಗೆ ಯಾವ ಹೂ ಮುಡಿಸಲಿ ಎಂಬ ಚಿಂತೆಯಲ್ಲಿ ಮುಳುಗಿದ್ದೆ!

ಭಾನುವಾರ ಮಧ್ಯಾಹ್ನದ ಊಟಕ್ಕೆ ಮಕ್ಕಳೆಲ್ಲ ತಟ್ಟೆ ಹಿಡಿದು ಕೂತಾಗ ಬೆಡ್‌ಶೀಟುಗಳನ್ನು ಎಳೆದೆ. ಶಾಂತಮ್ಮನವರು ಚಪ್ಪಾಳೆ ತಟ್ಟಿದರು. ಅವರೊಬ್ಬರೇ ತಟ್ಟಿದರು.

ಮುಂದಿನ ಎರಡು ಹಲ್ಲು ಬಿದ್ದಿದ್ದ, ಏಳು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತಳು. ಆ ನಾಲ್ಕನೆಯ ಹೆಸರಿನವಳು, ಮಂಜುಳ.

"ಆಂಟಿ, ಇವ್ರೆಲ್ಲಾ ಎಲ್ಲಿಗೋಗ್ತಾವ್ರೆ?"

"ಸೂರ್ಯನ ಕಡೆಗೆ, ಪುಟ್ಟಿ."

"ವಾಪಸ್ ಯಾವಾಗ್ ಬತ್ತಾರೆ?"

ಯೋಜನಾ ವರದಿಯಲ್ಲಿ ವಾಪಸಾತಿಯ ಬಗ್ಗೆ ಯಾವುದೇ ಪ್ರಸ್ತಾಪವಿರಲಿಲ್ಲ. "ಬರ್ತಾರೆ, ಬರ್ತಾರೆ" ಎಂದೆ.

"ನಮ್ಗೆ ಹೇಳ್ದೇನೇ ಹೋಗ್ತಾವ್ರೆ" ಎಂದಳು ಮಂಜುಳ. ಅಳಲಿಲ್ಲ. ತಟ್ಟೆಯನ್ನು ಎತ್ತಿಕೊಂಡು ಗೋಡೆಗೆ ಬೆನ್ನು ಹಾಕಿ ಕೂತಳು. ಪಕ್ಕದವಳು ಅವಳನ್ನು ನೋಡಿ ತಿರುಗಿದಳು. ಆಮೇಲೆ ಆ ಸಾಲು, ಆಮೇಲೆ ಈ ಸಾಲು. ಮುದ್ದೆ ಆರುವಷ್ಟರಲ್ಲಿ ಇಪ್ಪತ್ತಾರು ಮಕ್ಕಳೂ ಚಿತ್ರಕ್ಕೆ ಬೆನ್ನು ಹಾಕಿದ್ದರು. ಚಿತ್ರದವರು ಮೊದಲೇ ಮಕ್ಕಳಿಗೆ ಬೆನ್ನು ಹಾಕಿದ್ದರು. ಇಷ್ಟು ಬೆನ್ನುಗಳ ನಡುವೆ ಮುಖ ಹೊತ್ತು ನಿಂತವಳು ನಾನೊಬ್ಬಳೇ!

ಮಂಗಳವಾರ ಶಾಂತಮ್ಮನವರ ಫೋನ್ ಬಂತು. "ಚಿತ್ರ ತುಂಬಾ ಚೆನ್ನಾಗಿದೆ ಮೇಡಂ. ಅದರ ಬಗ್ಗೆ ಎರಡು ಮಾತಿಲ್ಲ. ಒಂದು ಮಗು ಊಟ ಬಿಟ್ಟಿದೆ, ಅಷ್ಟೇ."

"ಯಾರು?"

"ಮಂಜುಳ. ಅವರಮ್ಮ ಬಸ್ ಸ್ಟ್ಯಾಂಡಲ್ಲಿ ಕೂರಿಸಿ, ಬನ್ನು ತರ್ತೀನಿ ಅಂತ ಹೋದೋಳು ಮೇಡಂ. ಮಗು ನೋಡ್ತಾನೇ ಇತ್ತಂತೆ, ಅವಳ ಬೆನ್ನು ಮರೆಯಾಗೋವರೆಗೂ. ಇಲ್ಲಿಗೆ ಬಂದು ಎರಡು ತಿಂಗಳಾದ ಮೇಲೆ ಈಗೀಗ ಸರಿಯಾಗಿ ಉಣ್ತಿತ್ತು."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಬೀನ್ಸಿನ ನಾರು ತೆಗೆಯುತ್ತ ಕೂತಿದ್ದೆ. ನಾರಿಲ್ಲದ ಬೀನ್ಸಿನದೂ ತೆಗೆದೆ.

ಸಂಜೆ ನಮ್ಮವರು ಎಲ್ಲವನ್ನೂ ಕೇಳಿಸಿಕೊಂಡರು. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ಪೂರ್ತಿ ರಿಜೆಕ್ಟ್ ಮಾಡೋದು ಬೇಡ. ರಿವರ್ಕ್ ಮಾಡು" ಎಂದರು. "ಕೂದಲಿರೋ ಜಾಗದಲ್ಲಿ ಮುಖ ಬರಿ. ಹೋಗೋರು ಬರೋರಾಗ್ತಾರೆ. ಸಿಂಪಲ್."

"ಮೂಗು?"

"ನನ್ನ ಮೂಗು ನೋಡ್ಕೊಂಡ್ ಬರಿ."

ಗಂಡನೆಂದರೆ ಹೀಗಿರಬೇಕು! ಅವರನ್ನು ಕುರ್ಚಿಯಲ್ಲಿ ಕೂರಿಸಿ ಇಡೀ ಸಂಜೆ ಮೂಗನ್ನು ಅಭ್ಯಾಸ ಮಾಡಿದೆ. ಮರುದಿನ ಗೋಡೆಯ ಏಳು ತಲೆಗಳಿಗೂ ಮುಖ ಬಂತು. ನಾನು ಕಲಿತದ್ದು ಒಂದೇ ಮೂಗಾದ್ದರಿಂದ ಅಪ್ಪ, ಅಜ್ಜಿ, ಅಕ್ಕ, ಕೊನೆಗೆ ಸೊಂಟದ ಮೇಲಿನ ಕೂಸಿಗೂ ನಮ್ಮವರ ಮೂಗೇ ಬಂತು. ಒಂದೇ ಸಂಸಾರದವರಲ್ಲವೇ, ಮೂಗಿನಲ್ಲಿ ಹೋಲಿಕೆ ಇದ್ದರೆ ತಪ್ಪೇನು ಎಂದು ಸಮಾಧಾನ ಮಾಡಿಕೊಂಡು ಬ್ರಷ್ ತೊಳೆಯುತ್ತಿದ್ದೆ.

ಅಷ್ಟರಲ್ಲಿ ಅಡುಗೆಯ ನಾರಾಯಣಮ್ಮ ಸಾರಿನ ಪಾತ್ರೆ ಹಿಡಿದು ಒಳಗೆ ಬಂದರು. ಆಂಧ್ರದ ಗಡಿಗಂಟಿದ ಬೈರಕೂರಿನ ಕಡೆಯವರು, ಸಮಾಧಾನವಾಗಿದ್ದಾಗ ಕನ್ನಡ, ಗಾಬರಿಯಾದರೆ ತೆಲುಗು.

"ಓರಿ ದೇವುಡಾ! ಏಮಮ್ಮಾ ಇದಿ?"

"ಯಾಕೆ ನಾರಾಯಣಮ್ಮ? ಮೂಗು ಸರಿ ಬಂದಿಲ್ವಾ?"

"ಮೂಗು ಮನೆ ಹಾಳಾಗ್ಲಿ, ಕಾಲು ನೋಡಮ್ಮಾ, ಕಾಲು! ಮುಖ ಈ ಕಡೆ, ಹಿಮ್ಮಡಿನೂ ಈ ಕಡೆ! ಯಾರಿಗಮ್ಮಾ ಹಂಗಿರ್ತವೆ ಕಾಲು?"

ಯಾರಿಗೆ ಹಾಗಿರುತ್ತವೆ ಎಂಬುದು ನಮ್ಮ ಸೀಮೆಯಲ್ಲಿ ಅಂಗನವಾಡಿಯ ಮಗುವಿಗೂ ಗೊತ್ತು. ಪಾದ ಹಿಂದುಮುಂದಾಗಿರುವುದು ದೆವ್ವಕ್ಕೆ! ಪುಟ್ಟ ಮನಸ್ಸುಗಳಲ್ಲಿ ಆಶಾಭಾವನೆ ಮೂಡಿಸುವ ಸಲುವಾಗಿ ನಾನು ಏಳು ದೆವ್ವಗಳನ್ನು, ಅದರಲ್ಲೊಂದು ಮರಿದೆವ್ವ, ಊಟದ ಕೋಣೆಯಲ್ಲಿ ಅಧಿಕೃತವಾಗಿ ಸ್ಥಾಪಿಸಿದ್ದೆ.

ಆ ಸಂಜೆ ಹದಿನಾಲ್ಕು ಮಕ್ಕಳು ಕೋಣೆಯೊಳಗೆ ಕಾಲಿಡಲಿಲ್ಲ; ಜಗಲಿಯಲ್ಲೇ ಬಡಿಸಬೇಕಾಯಿತು. ಮಂಜುಳ ಮಾತ್ರ ಹೆದರಲಿಲ್ಲ. ಗೋಡೆಯ ಹತ್ತಿರ ಹೋಗಿ ಗಿಳಿಹಸಿರು ಸೀರೆಯ ಕೆಳಗಿನ ಹಿಮ್ಮಡಿಗಳನ್ನು ಬಗ್ಗಿ ನೋಡಿದಳು.

"ಮುಖ ಇಕ್ಕಿದ್ರೂ ಅವ್ರು ಹೋಗ್ತಾನೇ ಅವ್ರೆ ಆಂಟಿ" ಎಂದಳು.

ಅವಳ ಪಾಲಿನ ಅನ್ನ ತಟ್ಟೆಯಲ್ಲಿ ಹಾಗೇ ಇತ್ತು.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಆದರೆ ಒಮ್ಮೆ ಬಹುಮಾನ ಪಡೆದವರು ಅಷ್ಟು ಸುಲಭವಾಗಿ ನಿಲ್ಲಿಸುವುದಿಲ್ಲ. ಕಾಲೇ ತೊಂದರೆಯಾದರೆ ಕಾಲನ್ನು ಮುಚ್ಚಿದರಾಯಿತು! ಎಲ್ಲರನ್ನೂ ಮೊಣಕಾಲಿನವರೆಗೆ ರಾಗಿ ಹೊಲದಲ್ಲಿ ನಿಲ್ಲಿಸಲು ನಿರ್ಧರಿಸಿದೆ. ಹಸಿರು ಬಣ್ಣದ ಡಬ್ಬಿ ತರುವ ಜವಾಬ್ದಾರಿಯನ್ನು ನಮ್ಮವರಿಗೆ ವಹಿಸಿದೆ. ಅವರು ತಂದ ಹಸಿರಿನಲ್ಲಿ ನೀಲಿ ಜಾಸ್ತಿಯಿತ್ತು. ಒಣಗಿದ ಮೇಲೆ ಇನ್ನೂ ಜಾಸ್ತಿಯಾಯಿತು. ನನ್ನ ರಾಗಿ ತೆನೆಗಳು ಅಲೆಗಳ ಹಾಗೆ ಕಂಡವು. ಮೊಣಕಾಲಿಗೆ ಹಾಕಿದ್ದು ಅಳತೆ ತಪ್ಪಿ ಎದೆಯವರೆಗೆ ಏರಿತ್ತು. ಶನಿವಾರ ನಮ್ಮವರೇ ಬಂದು ಕೈಕಟ್ಟಿ ನಿಂತು ತಪಾಸಣೆ ಮಾಡಿದರು. ಗೋಡೆಯ ಮೇಲೆ ತಮ್ಮದೇ ಮೂಗಿನ ಏಳು ಜನ ಕೆರೆಯಲ್ಲಿ ಮುಳುಗುತ್ತಿರುವುದನ್ನು ಒಬ್ಬ ಮನುಷ್ಯ ಎಷ್ಟು ಹೊತ್ತು ನೋಡಬಹುದೋ ಅಷ್ಟು ಹೊತ್ತು ನೋಡಿದರು.

"ಕುಸುಮಾ" ಎಂದರು ಮೆಲ್ಲಗೆ, "ಇದು ರಿವರ್ಕಿಗೆ ಬರಲ್ಲ ಕಣೇ."

ಹಿಂದಿರುಗುವಾಗ ಅವರು ಬಣ್ಣದಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದರು.

ಭಾನುವಾರ ಬೆಳಿಗ್ಗೆ ಒಂದು ಬಕೆಟ್ ಬಿಳಿ ಡಿಸ್ಟೆಂಪರ್ ಮತ್ತು ಅಗಲದ ಬ್ರಷ್ ಹಿಡಿದು ನಾನೊಬ್ಬಳೇ ಹೋದೆ. ಮಂಜುಳ ಬಾಗಿಲ ಹತ್ತಿರ ಕಾಲು ಚಾಚಿ ಕೂತಿದ್ದಳು. ಅವಳ ಫ್ರಾಕಿನ ಒಂದು ಗುಂಡಿಯ ಜಾಗದಲ್ಲಿ ಪಿನ್ನು ಹಾಕಿದ್ದರು. ಅಜ್ಜ ಹೋದರು, ಅಜ್ಜಿ ಹೋದರು, ಅಣ್ಣ, ಅಕ್ಕ, ಅಪ್ಪ ಹೋದರು. ಗಿಳಿಹಸಿರು ಸೀರೆಯ ಮುಂದೆ ಬಂದಾಗ ಬ್ರಷ್ಷನ್ನು ಬಕೆಟಿನಲ್ಲಿಟ್ಟೆ. ತಿರುಗಿ ನೋಡಿದೆ.

"ಇವರನ್ನೂ ಅಳಿಸ್ಲಾ ಪುಟ್ಟಿ?"

ಅವಳು ಚಾಚಿದ್ದ ಕಾಲನ್ನು ಮಡಚಿಕೊಂಡಳು.

"ಅಳ್ಸಿ ಆಂಟಿ. ಹೋದ್ರೆ ಹೋಗ್ಲಿ."

ಒಂದು ಪದರ ಬಿಳಿಗೆ ಆ ಹಸಿರು ಮುಚ್ಚಲಿಲ್ಲ. ಎರಡನೆಯದಕ್ಕೂ ಮಬ್ಬಾಗಿ ಕಾಣುತ್ತಿತ್ತು. ಮೂರು ಬಳಿದೆ. ಮಧ್ಯಾಹ್ನ ಗೋಡೆ ನಾನು ಮೊದಲ ದಿನ ನೋಡಿದಷ್ಟೇ ಬೆಳ್ಳಗಾಯಿತು. ನಾರಾಯಣಮ್ಮ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಮಂಜುಳ ಗೋಡೆಗೆ ಮುಖ ಮಾಡಿ ಕೂತು, ಮುದ್ದೆಯನ್ನು ಮುರಿದು, ಸಾರಿಗೆ ಅದ್ದಿ ನುಂಗಿದಳು. ಇನ್ನೊಂದು ತುತ್ತು ಮುರಿದಳು. ನಾನು ಕಂಬದ ಮರೆಯಲ್ಲಿ ನಿಂತು ಎಣಿಸುತ್ತಿದ್ದೆ. ಒಂಬತ್ತು ತುತ್ತು! ಶಾಂತಮ್ಮನವರು ಬಂದು ಖಾಲಿ ಗೋಡೆಯನ್ನು ನೋಡಿ, "ಈಗ ನಿಜವಾಗ್ಲೂ ಚೆನ್ನಾಗಿದೆ ಮೇಡಂ" ಎಂದರು. ಅವರು ಬಹಳ ಒಳ್ಳೆಯವರು. ವ್ಯಂಗ್ಯ ಅವರಿಗೆ ಬರುವುದಿಲ್ಲ.

ಬಕೆಟ್ ಎತ್ತಿಕೊಂಡು ಹೊರಟಾಗ ಮಂಜುಳ ಕೈ ತೊಳೆದುಕೊಂಡು ಮೆಟ್ಟಿಲ ಮೇಲೆ ಬಂದು ನಿಂತಳು.

"ಮತ್ತೆ ಬತ್ತೀರಾ ಆಂಟಿ?"

ಆ ಗೋಡೆಯ ಮುಂದೆ ಮತ್ತೆ ಕಾಲಿಡಬಾರದೆಂದು ಬೆಳಿಗ್ಗೆಯಷ್ಟೇ ಶಪಥ ಮಾಡಿದ್ದೆ. "ಗುರುವಾರ ಬರ್ತೀನಿ. ಸಾಯಂಕಾಲ ನೀನು ಸ್ಕೂಲಿಂದ ಬರೋ ಹೊತ್ತಿಗೆ" ಎಂದೆ.

ಅವಳು ನನ್ನನ್ನೇ ನೋಡುತ್ತ ನಿಂತಳು. ಗೇಟಿನ ಕಡೆ ತಿರುಗಲು ನನಗೆ ಧೈರ್ಯ ಬರಲಿಲ್ಲ. ಅವಳಿಗೆ ಮುಖ ಕೊಟ್ಟುಕೊಂಡೇ, ಕೈ ಬೀಸುತ್ತ, ನಗುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡತೊಡಗಿದೆ. ನಲವತ್ತೆಂಟು ವರ್ಷದ ಗೃಹಿಣಿ, ಕಾನ್ವೆಂಟಿನಲ್ಲಿ ಶಿಸ್ತಿನ ನಡಿಗೆಗೂ ಪದಕ ಪಡೆದವಳು! ಹತ್ತು ಹೆಜ್ಜೆ ಚೆನ್ನಾಗಿಯೇ ಹೋದೆ. ಹನ್ನೊಂದನೆಯದು ಬಟ್ಟೆ ಒಗೆಯುವ ಕಲ್ಲಿಗೆ ತಗುಲಿತು. ಬಕೆಟ್ ಒಂದು ಕಡೆ, ನಾನು ಒಂದು ಕಡೆ, ಉಳಿದಿದ್ದ ಬಿಳಿ ಬಣ್ಣವೆಲ್ಲ ನನ್ನ ಸೀರೆಯ ಮೇಲೆ!

ಮಂಜುಳ ನಗಲಿಲ್ಲ. ಮೆಟ್ಟಿಲಿಳಿದು ಬಂದಳು, ಬಕೆಟನ್ನು ನೆಟ್ಟಗೆ ನಿಲ್ಲಿಸಿದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ದೊಡ್ಡವರ ಹಾಗೆ ಗದರಿದಳು:

"ಮುಂದೆ ನೋಡ್ಕೊಂಡ್ ಹೋಗಿ ಆಂಟಿ. ಗುರುವಾರ ಬರ್ಬೇಕಲ್ಲಾ?"